ಸುಡುಗಾಡು ದುಂಬಿ

ಕುಲದರ್ಶಕ ಯಂತ್ರ ಕಣ್ಣು ತೆರೆಯಿತೆಂದರೆ ಇಂದ್ರನ ಸಾವಿರ ಕಣ್ಣುಗಳೂ ನಾಚಿ ಮುಚ್ಚಿಕೊಳ್ಳಬೇಕು. ಬೆಳಗಾವಿ ಸೀಮೆಯ ಒಂದೊಂದು ಹೊಲದ ಬದುವಿನಲ್ಲೂ ಆಳೆತ್ತರದ ಕಂಬ, ಅದರ ತುದಿಯಲ್ಲಿ ತೆಂಗಿನಕಾಯಿ ಗಾತ್ರದ ಗಾಜಿನ ಕಣ್ಣು. ಮೂರು ಹೊಲದಾಚೆ ಹಾರುವ ನೊಣದ ಮೀಸೆ ಎಣಿಸಿ, ಅದರ ಕುಲಗೋತ್ರವನ್ನು ನೊಣಕ್ಕೇ ಗೊತ್ತಿಲ್ಲದಷ್ಟು ವಿವರವಾಗಿ ಹೇಳುತ್ತಿತ್ತು. ಈವರೆಗೆ ಯಾರೂ ಹೆಸರಿಡದ ಹುಳು ಕಂಡರಂತೂ ಹಿಗ್ಗೋ ಹಿಗ್ಗು. "ನೂತನ ಪ್ರಭೇದ" ಎಂದು ಊರಿಗೇ ಕೇಳುವಂತೆ ಸಾರಿ, ಮರುಗಳಿಗೆಯಲ್ಲಿ ಹೊಲದ ಸುತ್ತ ಬೆಳಕಿನ ಬೇಲಿ ಎಬ್ಬಿಸುತ್ತಿತ್ತು. ಆ ಹುಳುವಿನ ಶಾಸ್ತ್ರೀಯ ವಿವರಣೆ ಮುಗಿಯುವ ತನಕ ಒಳಗೆ ಯಾರೂ ಕಾಲಿಡುವಂತಿಲ್ಲ, ಒಳಗಿದ್ದವರು ಹೊರಗೆ ಬರುವಂತಿಲ್ಲ. ಜೀವರಕ್ಷಾ ಮಂಡಳಿಯ ಕಾಯಿದೆ.

ಕಣಗಲಹಟ್ಟಿಯ ತಂಗೆವ್ವ ಹುದಲಿ ಎಂಬಾಕೆಯ ಗೆಣಸಿನ ಹೊಲದಲ್ಲಿ ಬೇಲಿ ಎದ್ದದ್ದು ಹೀಗೆಯೇ. ಎಲೆಯ ಮೇಲೆ ತೊಗರಿಕಾಳಿನಷ್ಟು ದುಂಬಿ, ಅಕ್ಕಸಾಲಿಗ ಕಂಡರೆ ಕುಲುಮೆ ಬಿಟ್ಟು ಓಡಿ ಬರುವಂಥ ಅಪ್ಪಟ ಬಂಗಾರದ ಬಣ್ಣ. ಸ್ಥಳೀಯರು ಇದನ್ನು ಏನೆಂದು ಕರೆಯುತ್ತಾರೆ ಎಂದು ಕಂಬ ನಿಯಮದ ಪ್ರಕಾರ ವಿಚಾರಿಸಿತು. ಬೇಲಿಯ ಹೊರಗೆ, ಜರಡಿಯಾದ ಎಲೆಗಳನ್ನು ನೋಡುತ್ತ ನಿಂತಿದ್ದ ತಂಗೆವ್ವ "ಸುಡುಗಾಡು" ಎಂದಳು. ಕಂಬ ಧನ್ಯವಾದ ಹೇಳಿ ಅದನ್ನೇ ಹೆಸರೆಂದು ದಾಖಲಿಸಿತು.

ವಿವರಣೆ ಬೇಗ ಮುಗಿದೀತು, ಬೇಲಿ ಇಳಿದೀತು ಎಂದು ಅವಳು ಕಾದಳು. ಮರುದಿನ ಅಲ್ಲೇ ಕೆಂಪು ದುಂಬಿ ಕಂಡಿತು: ನೂತನ ಪ್ರಭೇದ. ಆಮೇಲೆ ತಾಮ್ರದ ಬಣ್ಣದ್ದು, ಆಮೇಲೆ ಚುಕ್ಕೆಯದ್ದು. ಒಂದೊಂದು ಸಲವೂ ಬೇಲಿಯ ಅವಧಿ ಹೊಸದಾಗಿ ಶುರು. ಇತ್ತ ಒಳಗೆ ನೀರಿಲ್ಲದೆ ಬಳ್ಳಿ ಬಾಡುತ್ತಿತ್ತು. ಅದು ಅವಳ ಅತ್ತೆ ಉಳಿಸಿಕೊಂಡು ಬಂದ ನಾಟಿ ಗೆಣಸು, ಸುತ್ತಿನ ಯಾವ ಊರಿನಲ್ಲೂ ಇಲ್ಲ. ಮುಂದಿನ ನಾಟಿಗೆ ಬೇಕಾದದ್ದೇ ಹಸಿ ಬಳ್ಳಿಯ ತುಂಡು. ಬಳ್ಳಿ ಒಣಗಿದರೆ ತಳಿಯೇ ನಿರ್ನಾಮ.

ತಂಗೆವ್ವನ ಸಿಟ್ಟು ಸಾಮಾನ್ಯದ್ದಲ್ಲ. ಅವಳು ಅಂಗಳದಲ್ಲಿ ಗದರಿದರೆ ಘಟಪ್ರಭಾ ನದಿ ಅರೆಕ್ಷಣ ನಿಂತು ಹರಿಯುತ್ತದೆ ಎಂದು ಊರಿನವರು ಆಣೆ ಮಾಡಿ ಹೇಳುತ್ತಾರೆ. ಆ ಸಿಟ್ಟನ್ನು ಹೊತ್ತುಕೊಂಡೇ ಅವಳು ಧಾರವಾಡಕ್ಕೆ ಹೋಗಿ, ಕೀಟ ಸಂಗ್ರಹಾಲಯದ ನೆಲಮಾಳಿಗೆಯಲ್ಲಿ ಡಾ. ರೋಹಿಣಿ ನಾಡಿಗೇರರ ಮುಂದೆ ನಿಂತಳು.

"ಬಾಯಾರ, ನನ್ನ ಹೊಲಕ್ಕ ನಾನ ಕಾಲಿಡಂಗಿಲ್ಲ. ನಿಮ್ಮ ಹುಳ ಮಾತ್ರ ಕುಂತು ಉಣ್ಣಬಹುದು. ಇದ್ಯಾವ ನ್ಯಾಯ ಹೇಳ್ರಿ."

ರೋಹಿಣಿಯವರ ಸಿಟ್ಟು ಇದಕ್ಕಿಂತ ಹಳೆಯದು. ಎಲೆದುಂಬಿಗಳ ಅಭ್ಯಾಸದಲ್ಲೇ ಕಣ್ಣು ಸವೆಸಿದವರು ಅವರು. ಕುಲದರ್ಶಕ ಬಂದ ಮೇಲೆ ಹುಳುವನ್ನು ಕೊಲ್ಲುವುದು ಕ್ರೌರ್ಯವೆಂದು ಮಂಡಳಿ ಹುಳು ಚುಚ್ಚಿಡುವ ಸೂಜಿಗೂ ಪೆಟ್ಟಿಗೆಗೂ ನಿಷೇಧ ಹೇರಿ, ಅವರನ್ನು ನೆಲಮಾಳಿಗೆಗೆ ತಳ್ಳಿತ್ತು.

"ಕುಂದರ್ರಿ ತಂಗೆವ್ವಾ," ಎಂದು ಅವರು ಬಿಡಿಸಿ ಹೇಳಿದರು. ಇದು ಆಮೆದುಂಬಿ, ಎಲೆದುಂಬಿಗಳಲ್ಲೇ ಒಂದು ಪಂಗಡ. ಅದರ ಬೆನ್ನಿನ ಚಿಪ್ಪು ಗಾಜಿನಂತೆ ಪಾರದರ್ಶಕ. ಒಳಗಿನ ತೆಳುಪದರಗಳಲ್ಲಿ ನೀರಿನಂಶ ತುಂಬಿದಾಗ ಬೆಳಕು ಪ್ರತಿಫಲಿಸಿ ಬಂಗಾರದಂತೆ ಹೊಳೆಯುತ್ತದೆ. ಬೆದರಿದರೆ ಆ ತೇವ ಹಿಂದೆ ಸರಿಯುತ್ತ ಮೊದಲು ತಾಮ್ರದ ಬಣ್ಣ, ಆಮೇಲೆ ಅಡಿಯ ಕೆಂಪೂ ಚುಕ್ಕೆಗಳೂ ಕಾಣುತ್ತವೆ. ಸತ್ತರೆ ಒಣಗಿ ಕಂದು ಬಣ್ಣ. ಅದಕ್ಕೇ ಹಿಂದಿನವರು ಬಣ್ಣವನ್ನು ನೆಚ್ಚದೆ, ಸತ್ತ ಗಂಡು ದುಂಬಿಯ ಹೊಟ್ಟೆ ಬಿಡಿಸಿ ಜನನಾಂಗದ ಆಕಾರ ನೋಡಿ ಜಾತಿ ತೀರ್ಮಾನಿಸುತ್ತಿದ್ದರು. ಆ ದೇಹವೇ ಹೆಸರಿಗೆ ಆಧಾರವಾದ ಮೂಲಮಾದರಿ. ಕುಲದರ್ಶಕ ಜೀವಂತ ಹುಳುವನ್ನು ಬಿಟ್ಟು ಬೇರೇನನ್ನೂ ನೋಡಿದ್ದಲ್ಲ.

"ಅಂದ್ರ ಅವೆಲ್ಲಾ ಒಂದ ಹುಳ ಏನ್ರಿ?"

"ಒಂದ. ಅಂಜಿದ್ದು, ಅಂಜಲಾರದ್ದು, ಅಷ್ಟ ಫರಕು."

ಅವರಿಬ್ಬರೂ ದೂರು ಕೊಟ್ಟ ಮೇಲೆ ಮಂಡಳಿಯ ಅಧ್ಯಕ್ಷ ಡಾ. ಪ್ರಹ್ಲಾದ ಇನಾಮತಿ, ಕುಲದರ್ಶಕದ ಜನಕ, ಹೊಲಕ್ಕೆ ಬಂದರು. ಅವರ ಕಾರು ಎಷ್ಟು ಉದ್ದವೆಂದರೆ ಮುಂದಿನ ಚಕ್ರ ಕಣಗಲಹಟ್ಟಿ ಮುಟ್ಟಿದಾಗ ಹಿಂದಿನದು ಇನ್ನೂ ಬೆಳಗಾವಿಯಲ್ಲಿತ್ತು. ಬೇಲಿಯ ಹೊರಗೆ ಚಾಚಿದ್ದ ಕುಡಿಯಿಂದ ರೋಹಿಣಿ ಒಂದು ದುಂಬಿಯನ್ನು ಎತ್ತಿ ತಂಗೆವ್ವನ ಅಂಗೈಗೆ ಬಿಟ್ಟರು. ಬಂಗಾರ. "ಸುಡುಗಾಡು" ಎಂದಿತು ಕಂಬ. ಇನಾಮತಿ ನಕ್ಕು, ಯಂತ್ರ ತಪ್ಪುವುದಿಲ್ಲ ತಾಯಿ, ನಾಲ್ಕು ಗೆಣಸಿನ ಆಸೆಗೆ ವಿಜ್ಞಾನವನ್ನು ನಿಲ್ಲಿಸಲಾದೀತೇ ಎಂದರು.

"ನಾಲ್ಕು ಗೆಣಸ?" ತಂಗೆವ್ವನ ಕೈ ಗಡಗಡ ನಡುಗಿತು. "ನಮ್ಮತ್ತಿ ಬರದಾಗ ತಾ ಉಪಾಸ ಬಿದ್ದು ಈ ಬಳ್ಳಿಗೆ ನೀರ ಹಾಕ್ಯಾಳ್ರಿ ಸಾಹೇಬ್ರ."

ಅಂಗೈಯ ಮೇಲಿನ ಬಂಗಾರ ಕರಗಿ, ಕಂಬ ಈವರೆಗೆ ಕಾಣದಷ್ಟು ಕಡುಗೆಂಪಾಯಿತು. ನೂತನ ಪ್ರಭೇದ ಎಂದು ಕಂಬ ಕೂಗಿತು. ಬೇಲಿ ಅಗಲವಾಗಿ ಹರಡಿ ಎಲ್ಲರನ್ನೂ ಒಳಗೆ ಹಾಕಿಕೊಂಡಿತು. ಕಾಯಿದೆಯ ಪ್ರಕಾರ ಅಧ್ಯಕ್ಷರೂ ಈಗ ಹೊರಗೆ ಹೋಗುವಂತಿಲ್ಲ.

"ಬೈರಿ, ಬ್ಯಾಡನ್ನೂದಿಲ್ಲ," ಎಂದರು ರೋಹಿಣಿ, ಮೆಲ್ಲಗೆ. "ಹುಳಕ್ಕ ನಿಮ್ಮ ಮಾತು ತಿಳಿಯೂದಿಲ್ಲ. ಕೈ ಅಷ್ಟ ಅಲಗಿಸಬ್ಯಾಡ್ರಿ."

ತಂಗೆವ್ವ ಹಲ್ಲು ಕಚ್ಚಿ ಅಂಗೈ ಅಲುಗದಂತೆ ಹಿಡಿದಳು. ಊರಿನ ನಾಯಿಗಳೂ ಬೊಗಳುವುದನ್ನು ಬಿಟ್ಟು ಕಾದವು. ಯಾರೂ ದುಂಬಿಯನ್ನು ಮುಟ್ಟಲಿಲ್ಲ. ಅಂಚಿನಿಂದ ನಡುವಿಗೆ ಕೆಂಪು ಮಾಸುತ್ತ, ಅದೇ ದುಂಬಿ ಅದೇ ಅಂಗೈಯಲ್ಲಿ ಮತ್ತೆ ಬಂಗಾರವಾಯಿತು. "ಸುಡುಗಾಡು" ಎಂದಿತು ಕಂಬ.

ಇನಾಮತಿ ಬೆವರು ಒರೆಸಿಕೊಂಡರು. ಎಲ್ಲ ಒಂದೇ ಪ್ರಭೇದವೆಂದು ಒಪ್ಪಿದರೂ ವಿವರಣೆಗೆ ಸತ್ತ ದೇಹ ಬೇಕು, ಕೊಲ್ಲುವುದಂತೂ ನಿಷಿದ್ಧ ಎಂದು ಗೊಣಗಿದರು. ರೋಹಿಣಿ ಬಾಡಿದ ಬಳ್ಳಿ ಸರಿಸಿದರು. ಅಡಿಯಲ್ಲಿ ಬೊಗಸೆಗಟ್ಟಲೆ ಕಂದು ಸಿಪ್ಪೆಗಳು. ಎಲೆ ಒಣಗಿ, ತಿನ್ನಲು ಇಲ್ಲದೆ ಸತ್ತ ದುಂಬಿಗಳು. ಯಂತ್ರ ಅವನ್ನು ಇಷ್ಟು ದಿನ ಮಣ್ಣಿನ ಹೆಂಟೆ ಎಂದು ಬರೆದುಕೊಂಡಿತ್ತು.

"ನೋಡ್ರಿ, ನಿಮ್ಮ ರಕ್ಷಣಾ," ಎಂದರು ರೋಹಿಣಿ.

ಅಲ್ಲೇ ಕೂತು ಅವರು ಸತ್ತ ಗಂಡೊಂದನ್ನು ಬಿಡಿಸಿ ನೋಡಿ ವಿವರಣೆ ಬರೆದರು. ಜಗತ್ತಿಗೆ ನಿಜಕ್ಕೂ ಹೊಸ ಜಾತಿ. ಆಹಾರ, ಈ ನಾಟಿ ಗೆಣಸಿನ ಎಲೆಯೊಂದೇ. ಮೊದಲು ದಾಖಲಾದ ಹೆಸರೇ ಶಾಶ್ವತ, ಇಷ್ಟವಿಲ್ಲದಿದ್ದರೂ ಬದಲಿಸುವಂತಿಲ್ಲ ಎಂಬುದು ನಾಮಕರಣ ಶಾಸ್ತ್ರದ ಕಟ್ಟಳೆ. ಹಾಗಾಗಿ ಲೋಕದ ವಿದ್ವಾಂಸರೆಲ್ಲ ಇಂದಿಗೂ ಗಂಭೀರ ಮುಖದಿಂದ ಅದನ್ನು ಸುಡುಗಾಡು ದುಂಬಿ ಎನ್ನುತ್ತಾರೆ.

ಬೇಲಿ ಇಳಿಯಿತು. ಗಡ್ಡೆಗಳ ಹತ್ತಿರ ಇನ್ನೂ ಹಸಿಯಾಗಿದ್ದ ಒಂದಿಷ್ಟು ಬಳ್ಳಿ ಸಿಕ್ಕಿತು. ಆದರೆ ಕಾಯಿದೆ ಬಿಡಬೇಕಲ್ಲ. ದುಂಬಿ ಉಳಿಯಬೇಕಾದರೆ ಬಳ್ಳಿ ಉಳಿಯಬೇಕು, ಬಳ್ಳಿಯನ್ನು ಬಲ್ಲವಳು ಒಬ್ಬಳೇ. ಹೊಲದ ಒಂದು ಪಟ್ಟಿಯನ್ನು ದುಂಬಿಯ ಊಟಕ್ಕೆಂದೇ ಬೆಳೆಸಬೇಕು, ಔಷಧ ಹೊಡೆಯಕೂಡದು ಎಂದು ಮಂಡಳಿ ತಂಗೆವ್ವನನ್ನೇ ಸುಡುಗಾಡು ದುಂಬಿಯ ಪಾಲಕಿಯಾಗಿ ನೇಮಿಸಿತು. ಆದೇಶ ಕೇಳಿ ಅವಳು ಬೈದ ಬೈಗುಳಕ್ಕೆ ಇನಾಮತಿಯವರ ಕಾರು ತಾನಾಗಿಯೇ ಹಿಂದಕ್ಕೆ ಹೊರಟಿತಂತೆ.

ಈಗಲೂ ಅವಳು ಆ ಪಟ್ಟಿಯಲ್ಲಿ ಬಳ್ಳಿ ಊರುತ್ತಾಳೆ. ಮಂಡಳಿಯನ್ನು, ಕಂಬವನ್ನು, ಎಲೆ ತಿನ್ನುವ ಆ ದುಂಬಿಯ ಏಳು ತಲೆಮಾರನ್ನೂ ಬೈಯುತ್ತಲೇ, ದಾರಿ ತಪ್ಪಿ ಬದುವಿಗೆ ಬಂದವನ್ನು ಅಂಗೈಗೆ ಹತ್ತಿಸಿಕೊಂಡು ಎಲೆಗೆ ಮರಳಿ ಬಿಡುತ್ತಾಳೆ. ಬೈಗುಳ ಮೂರು ಊರಿಗೆ ಕೇಳಿಸುತ್ತದೆ. ಅಂಗೈಯ ಮೇಲಿನ ದುಂಬಿ ಮಾತ್ರ ಬಂಗಾರವಾಗಿಯೇ ಇರುತ್ತದೆ.