ಅವ್ವನ ಒಡಪು

"ಬಂದ್ಳು, ಬಂದ್ಳು! ಅಪ್ಪಾ, ಅವ್ವ ಬಂದ್ಳು!"

ಚಂದನಾ ಸ್ಟೂಲಿನಿಂದ ಜಿಗಿದು, ಮೂಗು ತಾಗುವಷ್ಟು ಹತ್ತಿರಕ್ಕೆ ಕಂಪ್ಯೂಟರಿನ ಮುಂದೆ ಹೋದಳು. ತೆರೆಯ ಮೇಲೆ ಹಳದಿ ಸೀರೆಯ ಮದುಮಗಳು ತಲೆ ತಗ್ಗಿಸಿ ಕೂತಿದ್ದಳು.

"ದೂರ ಸರಿಯವ್ವಾ, ಕಣ್ಣು ಹೋದಾವು," ಎಂದರು ಸ್ಟುಡಿಯೋದ ವೀರಭದ್ರಯ್ಯ. ಹಳೇ ವಿಸಿಆರ್ ಇನ್ನೂ ಓಡುತ್ತಿದ್ದದ್ದು ಕೂಡ್ಲಿಗಿಯಲ್ಲಿ ಅವರೊಬ್ಬರ ಹತ್ತಿರ. ಅದರ ವೈರು ಕಂಪ್ಯೂಟರಿಗೆ ಸಿಕ್ಕಿಸಿ, ಮದುವೆ ಕ್ಯಾಸೆಟ್ಟುಗಳನ್ನು ಡಿವಿಡಿ ಮಾಡಿಕೊಡುತ್ತಿದ್ದರು. ಮೂರು ತಾಸಿನ ಕ್ಯಾಸೆಟ್ಟಿಗೆ ಮೂರು ತಾಸೇ ಬೇಕು, ಅವಸರ ಮಾಡಿದರೆ ನಡೆಯದು.

ಚಂದನಾಗೆ ಅವ್ವನ ಮುಖ ಗೊತ್ತು, ಗೋಡೆಯ ಫೋಟೋದಲ್ಲಿ ದಿನಾ ನೋಡುತ್ತಾಳೆ. ದನಿ ಮಾತ್ರ ಗೊತ್ತಿಲ್ಲ. ಅವ್ವ ಶಾಂತಕುಮಾರಿ ತೀರಿಕೊಂಡಾಗ ಇವಳು ಹನ್ನೊಂದು ತಿಂಗಳ ಕೂಸು. "ಅವ್ವ ಹೆಂಗ ಮಾತಾಡ್ತಿದ್ಳು?" ಎಂದು ಕೇಳಿದರೆ ಸಾಕು, ಅಪ್ಪ ಹುಲುಗೇಶ್ ಎದ್ದು ಕುರಿಹಟ್ಟಿಯ ಕಡೆ ಹೋಗಿಬಿಡುತ್ತಿದ್ದ. ಹೇಳಿದರೆ ಇವನ ಗಂಟೇನು ಹೋಗುತ್ತದೆ ಎಂದು ಚಂದನಾಗೆ ಸಿಟ್ಟು ಬರುತ್ತಿತ್ತು.

ಹೋದ ವಾರ ಅಜ್ಜಿ ಬಾಯಿಬಿಟ್ಟಿದ್ದಳು. "ಮದುವಿ ಕ್ಯಾಸೆಟ್ಟಿನ್ಯಾಗ ನಿಮ್ಮವ್ವ ಒಡಪು ಹೇಳ್ಯಾಳ ನೋಡು. ಗಂಡನ ಹೆಸರು ಸೇರ್ಸಿ ಪದಾ ಕಟ್ಟಿ ಹೇಳಿದ್ಳು, ಮಂದಿ ನಕ್ಕಿದ್ದೇ ನಕ್ಕಿದ್ದು!"

ಇನ್ನು ಚಂದನಾ ಬಿಟ್ಟಾಳೆಯೇ? ಟ್ರಂಕಿನ ತಳದಿಂದ ಕ್ಯಾಸೆಟ್ ತೆಗೆಸಿ, ಕಾನಹೊಸಹಳ್ಳಿಯಲ್ಲಿ ಅಪ್ಪನನ್ನು ಕೂಡ್ಲಿಗಿ ಬಸ್ ಹತ್ತಿಸಿಯೇ ಬಿಟ್ಟಳು.

ಕ್ಯಾಸೆಟ್ಟಿನಲ್ಲಿ ಮೊದಲಿಂದಲೂ ಸಿನಿಮಾ ಹಾಡು ಬಡಿದುಕೊಳ್ಳುತ್ತಿತ್ತು. ಹೆಂಗಸರು ಒಡಪು ಹೇಳೆಂದು ಮದುಮಗಳ ಗದ್ದ ಹಿಡಿದು ಕಾಡತೊಡಗಿದರು. ಹಾಡು ಈಗ ನಿಂತೀತು ಎಂದು ಚಂದನಾ ಉಸಿರು ಬಿಗಿಹಿಡಿದಳು. ಅವ್ವನ ತುಟಿ ಅಲ್ಲಾಡಿತು. ಮಂದಿ ಬಾಯ್ತುಂಬ ನಕ್ಕರು. ಹಾಡು ಹಾಗೇ ಬಡಿಯುತ್ತಲೇ ಇತ್ತು.

"ಅಂಕಲ್, ಹಾಡು ಬಂದ್ ಮಾಡ್ರಿ! ಮಾತು ಹಾಕ್ರಿ!"

ವೀರಭದ್ರಯ್ಯ ಕನ್ನಡಕ ತೆಗೆದರು. "ಮಾತು ಇಲ್ಲವ್ವ. ಆಗೆಲ್ಲ ಹಾಡು ಕೂಡಿಸಿದ್ರನ ಕ್ಯಾಸೆಟ್ ಚೆಂದ ಅಂತಿದ್ರು ಮಂದಿ. ಮಾತು ಅಳಿಸಿ ಹಾಡು ಹಾಕಿದಾಂವ ನಾನ. ಹಿಂಗಾಕ್ಕೈತಿ ಅಂತ ಯಾರಿಗೆ ಗೊತ್ತಿತ್ತು?"

ಚಂದನಾಗೆ ಅಳು ಒತ್ತರಿಸಿ ಬಂತು. ಅವರ ಮೇಲೆ ಕೂಗಾಡಬೇಕು ಎಂದು ಬಾಯಿ ತೆರೆದಳು. ಅಷ್ಟರಲ್ಲಿ ಹಿಂದಿನಿಂದ ಅಪ್ಪನ ದನಿ ಬಂತು.

"ಅಯ್ನೋರೇ, ಇನ್ನೊಮ್ಮಿ ನೋಡ್ರಿ. ಎಲ್ಲ್ಯರ ಒಂದು ಮಾತು ಉಳಿದಿರ್ತೈತಿ. ಬರೇ 'ಹೂಂ' ಅಂದಿದ್ರೂ ಸಾಕು."

"ಇಲ್ಲಪ್ಪ ಹುಲುಗೇಶ್."

"ಕಂಪ್ಯೂಟರಿನ್ಯಾಗ ತೆಗಿಯಾಕ ಬರ್ತಿರಬೇಕಲ್ರಿ?"

"ಇದ್ರ ತೆಗಿಬಹುದು. ಇಲ್ಲದ್ದನ್ನ ಎಲ್ಲಿಂದ ತರ್ಲಿ?"

ಅಪ್ಪ ಕುಸಿದು ಕೂತು ಟವೆಲ್ಲಿನಿಂದ ಮುಖ ಮುಚ್ಚಿಕೊಂಡ. "ಮಕ ಕಣ್ಣಿಗೆ ಕಟ್ಟಿದಂಗ ಐತ್ರಿ. ದನಿ ನೆನಪಿಗೆ ಬರವಲ್ದು. ಎಷ್ಟು ತಿಣುಕಿದ್ರೂ ಬರವಲ್ದು."

ಚಂದನಾ ಬಿಕ್ಕುವುದನ್ನೂ ಮರೆತು ಅಪ್ಪನನ್ನೇ ನೋಡಿದಳು. ಅವನೂ ಅವ್ವನ ದನಿ ಕೇಳಲಿಕ್ಕೇ ಬಸ್ ಹತ್ತಿದ್ದ. ಅವಳಿಗೆ ಅದು ಹೊಳೆದೇ ಇರಲಿಲ್ಲ. ತನಗೆ ಆ ದನಿ ಸಿಕ್ಕೇ ಇರಲಿಲ್ಲ. ಅಪ್ಪನಿಗೆ ಸಿಕ್ಕಿತ್ತು, ಕಳೆದುಹೋಗಿತ್ತು. ಯಾವುದು ಹೆಚ್ಚು ಕಷ್ಟವೋ ಅವಳಿಗೆ ತಿಳಿಯಲಿಲ್ಲ.

"ಅಂಕಲ್, ಸೌಂಡ್ ಪೂರಾ ತೆಗೀರಿ," ಎಂದು ಅವಳು ಸ್ಟೂಲನ್ನು ಅಪ್ಪನ ಪಕ್ಕಕ್ಕೆ ಎಳೆದುಕೊಂಡಳು. "ಅಪ್ಪಾ, ಟವೆಲ್ ತೆಗಿ. ಮಕ ನೋಡೋಣು."

ಹಾಡು ನಿಂತಿತು. ಸದ್ದಿಲ್ಲದೆ ಹೆಂಗಸರು ಕಾಡಿದರು, ಸದ್ದಿಲ್ಲದೆ ಅವ್ವ ತುಟಿ ತೆರೆದಳು. ಅವ್ವ ಏನಂದಳು ಎಂಬ ಪ್ರಶ್ನೆ ಚಂದನಾಳ ನಾಲಿಗೆಯ ತುದಿಗೆ ಬಂದಿತ್ತು. ಅವಳು ಕೇಳಲಿಲ್ಲ. ಅಪ್ಪನ ತೋಳಿಗೆ ಒರಗಿ ಕೂತಳು.