ಹತ್ತೊಂಬತ್ತನೇ ಜೋಡಿ

ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಆದರೂ ಅವನ ಮುಖ ಕಂಡದ್ದೇ ತಡ, ಅವಳಿಗೆ ರೇಗಿಹೋಯಿತು.

"ಇಲ್ಲಿದೀರಾ! ಎಷ್ಟು ಸಲ ಅಪಾಯಿಂಟ್‌ಮೆಂಟ್ ಕೊಡ್ಲಿ ರೀ ನಿಮಗೆ? ಬರ್ತೀನಿ ಬರ್ತೀನಿ ಅಂತೀರಿ, ನಾನು ಲ್ಯಾಬಲ್ಲಿ ದಾರಿ ಕಾಯ್ತಾ ಕೂತಿರ್ತೀನಿ. ಒಂದು ಟ್ಯೂಬು ರಕ್ತಕ್ಕೆ ಇಷ್ಟು ಸತಾಯಿಸೋದಾ?"

ಅಕ್ಕಪಕ್ಕದವರು ಮೊಬೈಲಿನಿಂದ ತಲೆಯೆತ್ತಿದರು. ಅವನು ಮಾತ್ರ ಟಿಕೆಟ್ ಮೆಷಿನ್ನಿನ ಗುಂಡಿ ಒತ್ತುತ್ತಾ, "ಎಲ್ಲಿಗೆ ಮೇಡಂ?" ಅಂದ.

"ನಾಟಕ ಬೇಡ. ಬೇಕರಿ ಬಿಟ್ಟು ಯಾವಾಗ ಕಂಡಕ್ಟರ್ ಆದ್ರಿ?"

ಬೇಕರಿ ಅಂದದ್ದೇ ಅವನ ಬೆರಳು ನಿಂತಿತು. "ಓ, ಅವನಾ," ಎಂದ ತಣ್ಣಗೆ. "ನಾನು ಅವನಲ್ಲ. ಅವನಿಗಿಂತ ಹತ್ತು ನಿಮಿಷಕ್ಕೆ ದೊಡ್ಡೋನು."

ಬೇರೆಯವರಾಗಿದ್ದರೆ ನಾಚಿ ನೆಲ ನೋಡುತ್ತಿದ್ದರು. ಅವಳ ಬಾಯಿಂದ ಹೊರಟದ್ದು ಕ್ಷಮೆಯಲ್ಲ.

"ನಿಮಗೆ ದಮ್ಮಿದ್ಯಾ?"

ಹಿಂದಿನ ಸೀಟಿನವರೆಗೂ ನಗು ಹರಿಯಿತು. ಕಂಡಕ್ಟರ್ ಮೇಲಿಂದ ಕೆಳಗೆ ಅವಳನ್ನು ನೋಡಿದ. "ಯಾಕೆ, ಕುಸ್ತಿಗಾ?"

"ಅಯ್ಯೋ, ಆ ದಮ್ಮಲ್ಲ ರೀ. ಉಬ್ಬಸ, ಅಸ್ತಮಾ."

"ಇಲ್ಲ. ಅದು ಅವನ ಪಾಲಿಗೆ ಬಂದಿದ್ದು. ಟಿಕೆಟ್ ತಗೊಳ್ಳಿ."

ಅವಳು ಚಿಲ್ಲರೆಯನ್ನೂ ಕೇಳದೆ ಮುಂದಿನ ಸ್ಟಾಪಿನಲ್ಲೇ ಇಳಿದು ಬೇಕರಿಯ ಕಡೆಗೆ ಓಡಿದಳು. ತದ್ರೂಪಿ ಅವಳಿಗಳು ಬೇಕಾಗಿದ್ದರು ಅವಳ ಸಂಶೋಧನೆಗೆ. ಒಬ್ಬರಿಗೆ ಅಸ್ತಮಾ ಇರಬೇಕು, ಇನ್ನೊಬ್ಬರಿಗೆ ಇರಬಾರದು. ಇಂಥವರಿಗಾಗಿ ಅವಳು ಆಸ್ಪತ್ರೆ, ಶಾಲೆ ಎಲ್ಲಾ ಸುತ್ತಿ ಚಪ್ಪಲಿ ಸವೆಸಿದ್ದಳು. ಸಿಕ್ಕಿದ್ದು ಹದಿನೆಂಟು ಜೋಡಿ. ಇಲ್ಲಿ ಈ ಮಹಾರಾಯ ಲ್ಯಾಬಿನ ಬೇರೊಂದು ಅಧ್ಯಯನಕ್ಕೆ ಮಾಮೂಲಿ ರೋಗಿಯ ಹಾಗೆ ಹೆಸರು ಬರೆಸಿ, ಅಣ್ಣನ ಸುದ್ದಿಯನ್ನೇ ಎತ್ತಿರಲಿಲ್ಲ.

ಬೇಕರಿಯವನು ಓವನ್ನಿನಿಂದ ಬ್ರೆಡ್ಡಿನ ಟ್ರೇ ಎಳೆಯುತ್ತಿದ್ದ. ತೋಳಿನ ಮೇಲೆ, ಹುಬ್ಬಿನ ಮೇಲೆ ಹಿಟ್ಟು. ಅವಳನ್ನು ಕಂಡು ಸಿಕ್ಕಿಬಿದ್ದ ಕಳ್ಳನ ಹಾಗೆ ಮುಗುಳ್ನಕ್ಕ.

"ನಾಳೆ ಖಂಡಿತ ಬರ್ತೀನಿ ಮೇಡಂ."

"ನಿಮಗೆ ಅವಳಿ ಅಣ್ಣ ಇದಾರಂತ ಯಾಕೆ ಹೇಳ್ಲಿಲ್ಲ? ಮನೇಲಿ ಯಾರ್ಯಾರಿದಾರೆ ಅಂತ ಕೇಳಿರ್ಲಿಲ್ವಾ?"

"ಅವನು ಮನೇಲಿಲ್ವಲ್ಲ."

ನಗು ಮಾಯವಾಗಿತ್ತು. ಅವಳು ಪಟ್ಟು ಬಿಡದೆ ಸ್ಟೂಲೆಳೆದು ಕೂತಳು. ಇಬ್ಬರ ಜೀನುಗಳೂ ಒಂದೇ, ಅಕ್ಷರ ಅಕ್ಷರವೂ ಒಂದೇ ಎಂದು ವಿವರಿಸಿದಳು. ಆದರೆ ಜೀನುಗಳ ಮೇಲೆ ಸಣ್ಣ ಸಣ್ಣ ರಾಸಾಯನಿಕ ಗುರುತುಗಳು ಕೂರುತ್ತವೆ, ಕೆಲವನ್ನು ಕೆಲಸಕ್ಕೆ ಹಚ್ಚುತ್ತವೆ, ಕೆಲವನ್ನು ಮಲಗಿಸುತ್ತವೆ. ಉಸಿರಾಡಿದ ಗಾಳಿ, ಹೊಗೆ, ಹಿಟ್ಟಿನ ಧೂಳು ಎಲ್ಲವೂ ಆ ಗುರುತುಗಳನ್ನು ಬದಲಾಯಿಸಬಹುದು. ಅಣ್ಣತಮ್ಮಂದಿರಲ್ಲಿ ಯಾವ ಗುರುತು ಬೇರೆಯಾಗಿದೆ ಎಂದು ನೋಡಬೇಕು. ಈಗೊಮ್ಮೆ, ವರ್ಷ ಬಿಟ್ಟು ಇನ್ನೊಮ್ಮೆ.

ಅವನು ಹಿಟ್ಟಿನ ಕೈ ಒರೆಸುತ್ತಾ ಕೇಳಿಸಿಕೊಂಡ.

"ಹಾಗಾದ್ರೆ ನನ್ನದೊಂದು ಪ್ರಶ್ನೆ. ನನಗೆ ಮಕ್ಕಳಾದ್ರೆ ಅವಕ್ಕೂ ಇದು ಬರುತ್ತಾ? ಅಮ್ಮಂಗಿತ್ತು, ನನಗಿದೆ. ನನ್ನಿಂದ ಮುಂದಕ್ಕೆ ಹೋಗ್ಬಾರ್ದು."

"ಅದಕ್ಕೇ ಮದುವೆ ಆಗಿಲ್ವಾ?"

"ಹೆಣ್ಣು ಸಿಗ್ಲಿಲ್ಲ ಅನ್ನೋದಕ್ಕಿಂತ ಇದು ಗೌರವವಾಗಿದೆ ಅಲ್ವಾ?"

ತಮಾಷೆಯಾಗೇ ಅಂದ. ಆದರೆ ಕಣ್ಣು ತಮಾಷೆ ಮಾಡುತ್ತಿರಲಿಲ್ಲ. ಆ ಕಣ್ಣನ್ನು ಬೇಕಾದದ್ದಕ್ಕಿಂತ ಸ್ವಲ್ಪ ಹೆಚ್ಚೇ ಹೊತ್ತು ನೋಡಿದೆನೆಂದು ಅವಳಿಗೆ ಬೀದಿಗೆ ಬಂದ ಮೇಲೆ ಹೊಳೆಯಿತು. ತನ್ನ ಮೇಲೇ ಸಿಟ್ಟು ಬಂತು.

ಕಂಡಕ್ಟರನ್ನು ಒಪ್ಪಿಸುವುದು ಹಗ್ಗ ಹಿಡಿದು ಬಂಡೆ ಎಳೆದಷ್ಟೇ ಸುಲಭವಿತ್ತು. ದಿನಾ ಬೆಳಿಗ್ಗೆ ಅದೇ ಬಸ್ಸು ಹತ್ತಿ ಕೊನೆಯ ಸ್ಟಾಪಿನವರೆಗೂ ಹೋಗಿ ಬೇಡಿಕೊಂಡಳು. ಒಂದು ದಿನ, ಖಾಲಿ ಬಸ್ಸಿನಲ್ಲಿ ಎಂಜಿನ್ ಆರಿದ ಮೇಲೆ, ಅವನು ತಾನಾಗಿ ಬಾಯಿಬಿಟ್ಟ.

"ಚಿಕ್ಕೋರಿದ್ದಾಗ ರಾತ್ರಿ ಅವನಿಗೆ ಉಸಿರು ಕಟ್ಟೋದು. ಅಮ್ಮ ಬೆಳಗಾಗೋವರೆಗೂ ಅವನನ್ನ ಮಡಿಲಲ್ಲಿ ಕೂರಿಸ್ಕೊಂಡು ಬೆನ್ನು ನೀವೋಳು. ನಾನು ಗೋಡೆ ಕಡೆ ತಿರುಗಿ ಮಲಗೋನು. ಅವನಿಗೆ ದಮ್ಮು, ನನಗೆ ಹೊಟ್ಟೆಕಿಚ್ಚು." ನಕ್ಕ. "ಅಮ್ಮ ಹೋದ್ಮೇಲೆ ಆ ಹಿಟ್ಟಿನ ಸಹವಾಸ ಬಿಡೋ ಅಂದೆ. ಬಿಡ್ಲಿಲ್ಲ. ಕೆಮ್ಮಿ ಕೆಮ್ಮಿ ಸಾಯೋದನ್ನ ನೋಡ್ತಾ ನಿಲ್ಲೋಕೆ ನನ್ನ ಕೈಲಾಗಲ್ಲ ಅಂತ ಬಂದ್ಬಿಟ್ಟೆ. ರಕ್ತ ಕೊಡ್ತೀನಿ ಮೇಡಂ. ಅವನು ಬರೋ ದಿನ ಮಾತ್ರ ಕರೀಬೇಡಿ."

ಹೀಗೆ ಹತ್ತೊಂಬತ್ತನೇ ಜೋಡಿ ದಾಖಲಾಯಿತು, ಬೇರೆ ಬೇರೆ ದಿನಗಳಲ್ಲಿ.

ತಮ್ಮನ ಸರದಿ ಬಂದಾಗ ಅವನು ಸೂಜಿ ಕಂಡು ಬಿಳಿಚಿಕೊಂಡ. ಮೂಗಿನೊಳಗಿನ ಜೀವಕೋಶ ತೆಗೆಯಲು ಅವಳು ಪುಟ್ಟ ಬ್ರಷ್ಷು ಹಾಕಿದರೆ ಗುಡುಗಿನಂಥ ಸೀನು ಸೀನಿದ. ಅವಳ ಕನ್ನಡಕ ಹಾರಿಹೋಯಿತು. ಇಬ್ಬರೂ ಮೇಜಿನಡಿ ಬಗ್ಗಿ ಹುಡುಕಿದರು. ಅವನಿಗೇ ಸಿಕ್ಕಿತು. ಕೊಡುವಾಗ, "ಕನ್ನಡಕ ಇಲ್ಲದಿದ್ರೆ ನಿಮಗೆ ನಾನು ಹೇಗೆ ಕಾಣ್ತೀನಿ?" ಎಂದ.

"ನಿಮ್ಮಣ್ಣನ ಥರ."

"ಛೆ!"

ಬಾಗಿಲಲ್ಲಿ ನಿಂತಿದ್ದ, ಅವಳ ಸಂಶೋಧನೆಯ ಮಾರ್ಗದರ್ಶಕ ಪ್ರೊಫೆಸರ್ ನಗಲಿಲ್ಲ. ಅವನು ಹೋದ ಮೇಲೆ ಅವಳನ್ನು ಕೋಣೆಗೆ ಕರೆದರು. "ಅಧ್ಯಯನ ಮುಗಿಯೋವರೆಗೂ ಅವನು ನಮ್ಮ ಸ್ಯಾಂಪಲ್ ಕೊಡೋ ಮನುಷ್ಯ, ಅಷ್ಟೇ. ಅದಕ್ಕಿಂತ ಹೆಚ್ಚು ಏನಾದ್ರೂ ಇದ್ರೆ ಈಗ್ಲೇ ಹೇಳಮ್ಮ, ಆ ಜೋಡೀನ ತೆಗೆದುಬಿಡೋಣ."

"ಏನೂ ಇಲ್ಲ ಸರ್," ಎಂದಳು. ಆ ಕ್ಷಣದವರೆಗೆ ಅದು ನಿಜವೂ ಆಗಿತ್ತು. ಇಲ್ಲ ಎಂದು ಹೇಳಿದ ಮೇಲೇ ಅದು ಇದೆಯೆಂದು ಗೊತ್ತಾದದ್ದು.

ಆ ವರ್ಷ ಯಾವುದೂ ನೆಟ್ಟಗೆ ನಡೆಯಲಿಲ್ಲ. ತರಿಸಿದ ರಾಸಾಯನಿಕ ದಾರಿಯಲ್ಲೇ ಕೆಟ್ಟಿತು. ಫ್ರೀಜರ್ ಕೈಕೊಟ್ಟು ನಾಲ್ಕು ಜೋಡಿಗಳ ಸ್ಯಾಂಪಲ್ಲು ನೀರಾಯಿತು. ಆ ನಾಲ್ಕು ಮನೆಗೂ ಹೋಗಿ ಕೈಮುಗಿದರೆ ಎರಡು ಮನೆಯವರು ಬಾಗಿಲು ಹಾಕಿದರು. ಇದೆಲ್ಲವನ್ನೂ ಹೇಳಿಕೊಳ್ಳಬೇಕೆನಿಸುತ್ತಿದ್ದುದು ಒಬ್ಬನ ಹತ್ತಿರ. ಅವನ ಹತ್ತಿರ ಕೇಳಬಹುದಾಗಿದ್ದುದು ಉಸಿರಿನ ಅಳತೆಯನ್ನು ಮಾತ್ರ.

ತಿಂಗಳಿಗೊಮ್ಮೆ ಅವನು ಲ್ಯಾಬಿಗೆ ಬಂದು ಪೀಕ್‌ಫ್ಲೋ ಮೀಟರಿನೊಳಗೆ ಊದುತ್ತಿದ್ದ. ಮುಳ್ಳು ಕೆಳಗೇ ನಿಂತರೆ ಅವಳ ಮುಖ ಗಂಟಿಕ್ಕುತ್ತಿತ್ತು.

"ಹಿಟ್ಟು ಕಲಸುವಾಗ ಮಾಸ್ಕ್ ಹಾಕಿ ಅಂದಿದ್ದೆ."

"ಮಾಸ್ಕ್ ಹಾಕಿದ್ರೆ ಬ್ರೆಡ್ಡಿನ ವಾಸನೆ ಗೊತ್ತಾಗಲ್ಲ."

"ಉಸಿರು ನಿಂತ್ರೆ ಯಾವ ವಾಸನೇನೂ ಗೊತ್ತಾಗಲ್ಲ."

"ಅಧ್ಯಯನ ಮಾಡೋರು ಇಷ್ಟೊಂದು ಬೈಬಹುದಾ ಮೇಡಂ?" ಎಂದು ಕೇಳಿ, ಮೀಟರಿನ ಮೇಲಿಂದ ಅವಳನ್ನೇ ನೋಡುತ್ತಾ ಮತ್ತೊಮ್ಮೆ ಊದುತ್ತಿದ್ದ. ಈ ಸಲ ಮುಳ್ಳು ಸ್ವಲ್ಪ ಮೇಲೇರುತ್ತಿತ್ತು. ಅವಳು ಬೇಗ ಕಂಪ್ಯೂಟರಿನ ಕಡೆ ತಿರುಗಿಕೊಳ್ಳುತ್ತಿದ್ದಳು. ಕಿವಿ ಬಿಸಿಯಾಗುತ್ತಿದ್ದುದನ್ನು ಮುಚ್ಚಲು ಕೂದಲು ಸಾಲುತ್ತಿರಲಿಲ್ಲ.

ಒಮ್ಮೆ ಅವನು ಕಾಗದದಲ್ಲಿ ಸುತ್ತಿದ ಬಿಸಿ ಬನ್ನು ತಂದಿದ್ದ. ಅವಳು ಮುಟ್ಟಲಿಲ್ಲ. "ನೀವು ಕೊಡೋದನ್ನ ನಾನು ತಗೊಳ್ಳೋ ಹಾಗಿಲ್ಲ." ಅವನು ಅದನ್ನು ವಾಪಸ್ ತೆಗೆದುಕೊಂಡು ಹೋದ. ಕಾರಿಡಾರಿನಲ್ಲಿ ಆ ಪರಿಮಳ ಸಂಜೆಯವರೆಗೂ ಇತ್ತು. ಅವಳು ಅವತ್ತು ಯಾರಿಗೂ ಸರಿಯಾಗಿ ಉತ್ತರ ಕೊಡಲಿಲ್ಲ.

ಎರಡನೇ ಸ್ಯಾಂಪಲ್ಲಿನ ದಿನ ದೊಡ್ಡ ಎಡವಟ್ಟಾಯಿತು. ನರ್ಸಮ್ಮ ಇಬ್ಬರನ್ನೂ ಒಂದೇ ಹೊತ್ತಿಗೆ ಕರೆದುಬಿಟ್ಟಿದ್ದರು. ಅವಳು ಓಡಿಬರುವಷ್ಟರಲ್ಲಿ ಅಣ್ಣತಮ್ಮ ಅಕ್ಕಪಕ್ಕದ ಕುರ್ಚಿಗಳಲ್ಲಿ, ತೋಳು ಮಡಚಿ, ಒಬ್ಬರನ್ನೊಬ್ಬರು ನೋಡದೆ ಕೂತಿದ್ದರು. ಇಬ್ಬರಲ್ಲಿ ಒಬ್ಬ ಎದ್ದು ಹೋದರೂ ಈ ಜೋಡಿಯ ವರ್ಷದ ಕೆಲಸ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಅವಳಿಗೆ ಅಳುವೇ ಬಂತು.

ಕಂಡಕ್ಟರ್ ಗೋಡೆ ನೋಡುತ್ತಲೇ ಕೇಳಿದ. "ಇನ್ನೂ ಹಿಟ್ಟಲ್ಲೇ ಬಿದ್ದಿದೀಯಾ?"

"ಕಲಸೋಕೆ ಬೇರೆ ಆಳಿಟ್ಟಿದೀನಿ. ನಾನು ಮಾಸ್ಕ್ ಹಾಕ್ಕೊಂಡು ಓವನ್ ಮಾತ್ರ ನೋಡ್ಕೋತೀನಿ."

"ನಾನು ಅಷ್ಟು ವರ್ಷ ಬಡ್ಕೊಂಡೆ, ಕೇಳ್ಲಿಲ್ಲ. ಈಗ ಯಾರ ಮಾತು ಕೇಳಿದೆ?"

ತಮ್ಮನ ಕಣ್ಣು ಬಾಗಿಲಲ್ಲಿ ನಿಂತಿದ್ದವಳ ಕಡೆ ಹೋಗಿ, ತಪ್ಪು ಮಾಡಿದಂತೆ ಹಿಂದಿರುಗಿತು. ಕಂಡಕ್ಟರ್ ತಮ್ಮನನ್ನು ನೋಡಿದ, ಅವಳನ್ನು ನೋಡಿದ. "ಓಹೋ," ಎಂದು ತೋಳು ಬಿಚ್ಚಿ ಮುಂದೆ ಚಾಚಿದ. "ಚುಚ್ಚಿ ನರ್ಸಮ್ಮ. ಇವನದ್ದೂ ಬೇಗ ಮುಗಿಸಿ. ಪಾಪ, ಕಾದು ಕಾದು ಸುಸ್ತಾಗಿರೋ ಹಾಗಿದೆ."

ಫಲಿತಾಂಶ ಬಂದಾಗ ಅವಳು ಪರದೆಯ ಮುಂದೆ ಬಹಳ ಹೊತ್ತು ಕೂತಿದ್ದಳು. ಕೊನೆಗೆ ಉಳಿದದ್ದು ಹದಿನೇಳು ಜೋಡಿ. ಕೆಲವು ಗುರುತುಗಳು ನಿಜಕ್ಕೂ ಬೇರೆಯಾಗಿದ್ದವು. ಆದರೆ ಅವುಗಳಿಂದ ಅಸ್ತಮಾ ಬಂತೋ, ಅಸ್ತಮಾದಿಂದ ಅವು ಬಂದವೋ, ದಿನಾ ಎಳೆದುಕೊಳ್ಳುವ ಇನ್ಹೇಲರಿನಿಂದಲೋ, ಹೇಳಲು ಬರುತ್ತಿರಲಿಲ್ಲ. ಪ್ರೊಫೆಸರ್ ಬರೆಸಿದ ಕೊನೆಯ ಸಾಲು, ಇನ್ನೂ ದೊಡ್ಡ ಅಧ್ಯಯನ ಬೇಕು ಎಂದು. ಅಲ್ಲಿಗೆ ಅಧ್ಯಯನ ಮುಗಿಯಿತು.

ಮಾರನೇ ಮಧ್ಯಾಹ್ನ ಅವಳು ಬೇಕರಿಗೆ ಹೋದಳು. ಬಿಸಿಲಿಗೆ ಗಿರಾಕಿಗಳಿರಲಿಲ್ಲ. ಕೌಂಟರಿನ ಆಚೆ ಅವನು, ಈಚೆ ಅವಳು. ನಡೆದದ್ದನ್ನೆಲ್ಲ ಹೇಳಿದಳು.

"ಅಂದ್ರೆ ನನ್ನ ಪ್ರಶ್ನೆಗೆ?"

"ಮಕ್ಕಳಿಗೆ ಬರೋ ಸಾಧ್ಯತೆ ಬೇರೆಯವರಿಗಿಂತ ಜಾಸ್ತಿ ಅಂತ ಮೊದಲೇ ಗೊತ್ತಿತ್ತು. ಬಂದೇ ಬರುತ್ತಾ, ಬರಲ್ವಾ ಅಂದ್ರೆ ಗೊತ್ತಿಲ್ಲ. ಯಾರಿಗೂ ಗೊತ್ತಿಲ್ಲ."

ಅವನು ಬಟ್ಟೆ ತೆಗೆದು, ಆಗಲೇ ಚೊಕ್ಕಟವಾಗಿದ್ದ ಗಾಜನ್ನು ಒರೆಸತೊಡಗಿದ. "ಲ್ಯಾಬಿಗೆ ಬಂದಾಗೆಲ್ಲ ಅಂದ್ಕೋತಿದ್ದೆ, ಒಂದು ದಿನ ನೀವು ಮಕ್ಕಳಿಗೆ ಬರಲ್ಲ ಅಂತ ಉತ್ತರ ತರ್ತೀರಿ, ಆಗ ನಿಮ್ಮನ್ನ ಧೈರ್ಯವಾಗಿ ಕೇಳಬಹುದು ಅಂತ." ಬಟ್ಟೆ ನಿಂತಿತು. "ಬೇಡ ಬಿಡಿ ಮೇಡಂ. ಉಸಿರು ಸಿಗದೆ ಒದ್ದಾಡ್ತಾ ಅಮ್ಮನ ಮುಖ ನೋಡ್ತಿದ್ದೆ. ಆ ಥರ ಒಂದು ಮಗು ನಿಮ್ಮ ಮುಖ ನೋಡೋದು ಬೇಡ."

ವರ್ಷವಿಡೀ ನುಂಗಿದ್ದೆಲ್ಲ ಅವಳ ಗಂಟಲಿಗೆ ಬಂತು.

"ನಿಮ್ಮಣ್ಣನ್ನ ಕೇಳಿ! ಆ ರಾತ್ರಿಗಳಲ್ಲಿ ಅವರು ಗೋಡೆ ಕಡೆ ತಿರುಗಿ ಮಲಗಿ ಹೊಟ್ಟೆಕಿಚ್ಚು ಪಡ್ತಿದ್ರಂತೆ. ನಿಮಗೆ ಅಮ್ಮನ ಮಡಿಲು ಸಿಕ್ತು ಅಂತ. ನಿಮಗೆ ಉಸಿರುಗಟ್ಟಿದ್ದು ಮಾತ್ರ ನೆನಪಿದೆ."

ಅವನು ಬಟ್ಟೆ ಕೆಳಗಿಟ್ಟ. "ಅವನು ಹಾಗಂದ್ನಾ?"

"ಹೂಂ. ಇನ್ನೊಂದು ವಿಷಯ. ಒಂದು ವರ್ಷ ಬಾಯಿಗೆ ಬೀಗ ಹಾಕ್ಕೊಂಡಿದ್ದೆ, ನಿಮ್ಮ ಬನ್ನು ಕೂಡ ತಿನ್ನಲಿಲ್ಲ. ಈಗ ನೀವೊಬ್ಬರೇ ಕೂತು ತೀರ್ಮಾನ ಮಾಡ್ತೀರಾ? ಮಗುಗೆ ಬಂದ್ರೆ ಇಬ್ಬರೂ ಎದ್ದು ಕೂತ್ಕೊಳ್ಳೋಣ. ಔಷಧಿ ಇದೆ, ಡಾಕ್ಟರಿದಾರೆ, ನಾನಿದೀನಿ. ನಿಮಗೆ ಖಚಿತ ಉತ್ತರವೇ ಬೇಕಾದ್ರೆ ಹತ್ತು ವರ್ಷ ಕಾಯಿರಿ, ನಾನು ಲ್ಯಾಬಲ್ಲಿ ಹುಡುಕ್ತಾ ಇರ್ತೀನಿ. ಆದ್ರೆ ಸಂಜೆ ಆಯ್ತು ಅಂದ್ರೆ ಮನೆಗೆ ಅಂತ ಇಲ್ಲಿಗೇ ಬರೋದು ನಾನು."

ಹೇಳಿ ಮುಗಿಸಿದಾಗ ಅವಳಿಗೇ ಏದುಸಿರು. ಅವನು ನಕ್ಕ. ಮೊದಲು ಮೆಲ್ಲಗೆ, ಆಮೇಲೆ ಭುಜ ಕುಲುಕುವಂತೆ. ನಗು ಕೆಮ್ಮಿಗೆ ತಿರುಗಿತು. ಅವಳು ಕೌಂಟರಿನ ಮೇಲಿಂದ ಬಗ್ಗಿ ಅವನ ಅಂಗಿಯ ಜೇಬಿಗೆ ಕೈಹಾಕಿ ಇನ್ಹೇಲರ್ ತೆಗೆದುಕೊಟ್ಟಳು. ಅವನು ಒಂದು ಸಲ ಎಳೆದುಕೊಂಡು, ಉಸಿರು ಹಿಡಿದು, ಬಿಟ್ಟ. ಅವಳ ಕೈ ಇನ್ನೂ ಅವನ ಎದೆಯ ಮೇಲೇ ಇತ್ತು. ಅವನು ಅದರ ಮೇಲೆ ತನ್ನ ಕೈಯಿಟ್ಟ. ಅವನ ಕಣ್ಣಂಚು ಒದ್ದೆಯಾಗಿತ್ತು, ಕೆಮ್ಮಿಗೇ ಇರಬೇಕೆಂದು ಅವಳು ಅಂದುಕೊಂಡಳು.

"ಊಟ ಆಯ್ತಾ ನಿಂದು?" ಎಂದ.

ಮೇಡಂ ಇಲ್ಲ, ನೀವು ಇಲ್ಲ.

"ಇನ್ನೂ ಇಲ್ಲ."

"ಮತ್ತೆ ಗಿರಾಕಿ ಥರ ಆಚೆ ಯಾಕೆ ನಿಂತಿದೀಯಾ? ಬಾ ಒಳಗೆ."

ಅವಳು ಕೌಂಟರಿನ ಹಲಗೆ ಎತ್ತಿ ಒಳಗೆ ಹೋದಳು.