ಕೆಂಪು ಶಾಯಿಯ ಚೀಟಿ

ತಿಲೆಕ್ ಅಗಾಯ್ ನೀಲಿ ಡಬ್ಬಿಯನ್ನು ತಂದು ನನ್ನ ಮೇಜಿನ ಮೇಲೆ ತಲೆಕೆಳಗಾಗಿ ಹಿಡಿದು ಅಲ್ಲಾಡಿಸಿದ. ಏನೂ ಬೀಳಲಿಲ್ಲ.

“ಮೂರು ವಾರ ಆಯ್ತು, ಬುರುಲ್ ಎಜೆ. ಒಂದೇ ಒಂದು ಚೀಟಿ ಇಲ್ಲ. ನಿಮ್ಮ ಮೂರನೇ ಕ್ಲಾಸಿನವರಿಗೆ ದುಃಖವೇ ಇಲ್ವಾ? ಇಲ್ಲಾ, ನೀವು ಕರಿದು ತರೋ ಬೋರ್ಸೋಕ್ ತಿಂದು ಎಲ್ಲಾ ಮರೆತುಬಿಟ್ರಾ?”

ನಮ್ಮಲ್ಲಿ ಶಾಲೆಯ ಗಂಡಸರನ್ನು ‘ಅಗಾಯ್’ ಎಂದೂ ಟೀಚರಮ್ಮಂದಿರನ್ನು ‘ಎಜೆ’, ಅಂದರೆ ಅಕ್ಕ, ಎಂದೂ ಕರೆಯುವುದು ರೂಢಿ. ಕೀಟಲೆ ಮಾಡುವಾಗ ಅವನ ಎಡಗಣ್ಣು ಸ್ವಲ್ಪ ಕಿರಿದಾಗುತ್ತದೆ. ಬೇರೆ ದಿನವಾಗಿದ್ದರೆ ಅದನ್ನೇ ನೋಡುತ್ತ ಕೂರುತ್ತಿದ್ದೆ. ಅಂದು ಕೆಂಪು ಪೆನ್ನಿನ ಕ್ಯಾಪ್ ಹುಡುಕುವ ನೆಪದಲ್ಲಿ ತಲೆ ತಗ್ಗಿಸಿದೆ. ಡಬ್ಬಿ ಯಾಕೆ ಖಾಲಿ ಎಂದು ನನಗೆ ಚೆನ್ನಾಗಿಯೇ ಗೊತ್ತಿತ್ತು.

ನಾರಿನ್ ಪಟ್ಟಣದ ನಮ್ಮ ಶಾಲೆಗೆ ಅವನು ಮನಶ್ಶಾಸ್ತ್ರಜ್ಞನಾಗಿ ಬಂದ ದಿನವೇ ಆ ಡಬ್ಬಿಯನ್ನು ಕಾರಿಡಾರಿನಲ್ಲಿ ತೂಗುಹಾಕಿದ. ಮನಸ್ಸಿಗೆ ಭಾರವಾದದ್ದನ್ನು ಬರೆದು ಹಾಕಿ, ಹೆಸರು ಬೇಡ, ನಾನೊಬ್ಬನೇ ಓದುತ್ತೇನೆ, ಯಾರಿಗೂ ಹೇಳುವುದಿಲ್ಲ ಎಂದ. ಮಕ್ಕಳು ನಂಬಿದರು. ದಿನಕ್ಕೆ ಇಪ್ಪತ್ತು ಸಲ “ನಾಚಿಕೆ ಆಗಲ್ವಾ?” ಎಂದು ಗದರುವ ನನ್ನನ್ನು ಅವರು ಎಂದೂ ಹಾಗೆ ನಂಬಿದ್ದಿಲ್ಲ. ಅವನ ಮೇಲೆ ಹೊಟ್ಟೆಕಿಚ್ಚೂ ಆಯಿತು, ಪ್ರೀತಿಯೂ ಆಯಿತು. ಯಾವುದು ಮೊದಲೋ ಗೊತ್ತಿಲ್ಲ.

ಒಂದು ಬೆಳಿಗ್ಗೆ ಡಬ್ಬಿಯ ಬಾಯಲ್ಲಿ ಚೀಟಿಯೊಂದು ಅರ್ಧ ಇಣುಕುತ್ತಿತ್ತು. ಒಳಗೆ ತಳ್ಳಬೇಕಿತ್ತು. ನಾನು ಎಳೆದೆ. ನಿದ್ದೆಯಿಂದ ಎಬ್ಬಿಸಿ ತೋರಿಸಿದರೂ ನನ್ನ ಮಕ್ಕಳ ಅಕ್ಷರ ಗುರುತಿಸುವವಳು ನಾನು. ಅದು ಮೀರಿಮ್ ಎಂಬ ಹುಡುಗಿಯದು. ‘ಅಮ್ಮ ಕೆಲಸಕ್ಕೆ ಮಾಸ್ಕೋಗೆ ಹೋಗಿ ಎರಡು ವರ್ಷ ಆಯ್ತು. ಅವಳ ವಾಸನೆ ಮರೆತುಹೋಗಿದೆ. ಅಜ್ಜಿಗೆ ಹೇಳಬೇಡಿ, ಬೇಜಾರು ಮಾಡ್ಕೋತಾಳೆ.’

ಆ ವಾರವೇ ಪಾಲಕರ ಸಭೆ. ದೊಡ್ಡವರು ಮಕ್ಕಳ ಬೆಂಚಿನಲ್ಲಿ ಮೊಣಕಾಲು ಮಡಚಿ ಕೂರುವುದು, ನಾವು ಒಬ್ಬೊಬ್ಬ ಮಗುವಿನ ಹೆಸರು ಹಿಡಿದು ಎಲ್ಲರೆದುರೇ ಮಾರ್ಕು, ತಪ್ಪು ಹೇಳುವುದು ನಮ್ಮಲ್ಲಿ ಹಿಂದಿನಿಂದ ಬಂದ ಪದ್ಧತಿ. ಮಾರ್ಕು ಹೇಳಿದ ದನಿಯಲ್ಲೇ ಮೀರಿಮಳ ಅಜ್ಜಿಗೆ ಹೇಳಿಬಿಟ್ಟೆ: “ಮಗು ಅಮ್ಮನ್ನ ನೆನೆಸ್ಕೊಂಡು ಕೊರಗ್ತಿದೆ. ಡಬ್ಬಿಗೆ ಬರೆದು ಹಾಕಿದ್ದಾಳೆ. ಸ್ವಲ್ಪ ಗಮನ ಕೊಡಿ, ಅಜ್ಜಿ.”

ಉಪಕಾರ ಮಾಡಿದೆನೆಂದೇ ತಿಳಿದಿದ್ದೆ. ಅಜ್ಜಿ ತಲೆವಸ್ತ್ರದ ತುದಿಯಿಂದ ಬಾಯಿ ಮುಚ್ಚಿಕೊಂಡು ಎದ್ದು ಹೋದಳು. ಮರುದಿನದಿಂದ ಮೀರಿಮ್ ತರಗತಿಯಲ್ಲಿ ತುಟಿ ಬಿಚ್ಚಲಿಲ್ಲ. ಡಬ್ಬಿಯ ಗುಟ್ಟನ್ನು ತಿಲೆಕ್ ನನಗೆ ಹೇಳಿದ್ದಾನೆಂದು ಊರೆಲ್ಲ ಆಡಿಕೊಂಡಿತು. ನಾನು ಬಾಯಿಗೆ ಬೀಗ ಹಾಕಿಕೊಂಡೆ.

“ಸೋಮವಾರ ಡಬ್ಬಿ ತೆಗೀಬೇಕಂತೆ,” ಎಂದ ಅವನು, ಖಾಲಿ ಡಬ್ಬಿಯನ್ನು ನನ್ನ ಮೇಜಿನ ಮೇಲಿಟ್ಟು. “ಹೆಡ್‌ಮಿಸ್ಟ್ರೆಸ್ ಹೇಳಿದ್ರು. ಬಹುಶಃ ನನ್ನನ್ನೂ.”

“ಆ ಚೀಟಿ ನಾನೇ ಎಳ್ಕೊಂಡಿದ್ದು, ಅಗಾಯ್.”

“ಗೊತ್ತು. ನನ್ನ ಕೈಗೇ ಬರದ ಚೀಟಿ ವಿಷಯ ನಿಮ್ಮ ಬಾಯಲ್ಲಿ ಬಂತಲ್ಲ.”

“ಗೊತ್ತಿದ್ದೂ ಯಾರಿಗೂ ಯಾಕೆ ಹೇಳಲಿಲ್ಲ?”

“ಚೀಟಿ ವಿಷಯ ಯಾರ ಹತ್ರಾನೂ ಮಾತಾಡಲ್ಲ ಅಂತ ಮಕ್ಕಳಿಗೆ ಮಾತು ಕೊಟ್ಟಿದ್ದೀನಿ.” ಅವನ ಕಣ್ಣಿನಲ್ಲಿ ಕೀಟಲೆ ಇರಲಿಲ್ಲ. “ಕೋಪ ಮಾತ್ರ ಬಂದಿದೆ, ಎಜೆ. ತುಂಬಾ. ಬೇರೆ ಯಾರಾದ್ರೂ ಮಾಡಿದ್ರೆ ಇಷ್ಟು ಬರ್ತಿರಲಿಲ್ಲ.”

ಕಿವಿಯ ತುದಿಯವರೆಗೂ ಸುಟ್ಟಂತಾಯಿತು. ಅಂಥ ಹೊತ್ತಿನಲ್ಲೂ ಆ ಕೊನೆಯ ಮಾತು ಹಿತವಾಯಿತಲ್ಲ ಎಂದು ಇನ್ನಷ್ಟು ನಾಚಿಕೆಯಾಯಿತು.

ಮಧ್ಯಾಹ್ನ ಉಳಿದ ಮಕ್ಕಳು ಹೋದ ಮೇಲೆ ಮೀರಿಮಳ ಬೆಂಚಿನಲ್ಲಿ ನಾನೂ ಮೊಣಕಾಲು ಮಡಚಿ ಕೂತೆ. ಚೀಟಿಯನ್ನು ಅವಳ ಕೈಗಿಟ್ಟೆ.

“ಇದನ್ನ ಅಗಾಯ್ ನೋಡೇ ಇಲ್ಲ. ನಾನು ಕದ್ದೆ. ತಪ್ಪಾಯ್ತು, ಪುಟ್ಟಾ.”

ಅವಳು ಚೀಟಿಯನ್ನು ನಾಲ್ಕಾಗಿ, ಆಮೇಲೆ ಎಂಟಾಗಿ ಮಡಚಿದಳು.

“ನಾಚಿಕೆ ಆಯ್ತಾ, ಎಜೆ?”

ನನ್ನದೇ ಮಾತು, ನನ್ನದೇ ಧಾಟಿ.

“ಆಯ್ತು.”

“ನಂಗೂ ಆಗಿತ್ತು.”

ಅಳಬಾರದೆಂದು ಕಪ್ಪುಹಲಗೆ ನೋಡಿದೆ. “ನಾನು ಕದ್ದಿದ್ದು ಅಂತ ಎಲ್ಲರಿಗೂ ಹೇಳ್ಲಾ? ನೀನು ಬೇಡ ಅಂದ್ರೆ ಹೇಳಲ್ಲ.”

ಅವಳು ಮಡಚಿದ ಚೀಟಿಯನ್ನು ಜೇಬಿಗೆ ಹಾಕಿಕೊಂಡಳು. “ಹೇಳಿ. ನನ್ನ ಹೆಸರು ಮಾತ್ರ ಎತ್ಬೇಡಿ.”

ಶುಕ್ರವಾರ ಪಾಲಕರನ್ನು ಮತ್ತೆ ಕರೆಸಿದೆ. ಈ ಸಲ ಒಂದೇ ಹೆಸರು ಹಿಡಿದೆ, ನನ್ನದು. “ಟೀಚರಾಗಿ ಈ ಕೆಲಸಾನಾ?” ಎಂದರು ಹಿಂದಿನಿಂದ ಯಾರೋ. ನಾನು ಕೂರದೆ ನಿಂತೇ ಇದ್ದೆ. ಹೆಡ್‌ಮಿಸ್ಟ್ರೆಸ್ ಎದ್ದು ನಿಂತು, “ಡಬ್ಬಿ ಅಲ್ಲೇ ಇರಲಿ, ತಿಲೆಕ್ ಅಗಾಯ್ ಕೂಡ,” ಎಂದರು. ಮೀರಿಮಳ ಅಜ್ಜಿ ಹೋಗುವಾಗ ನನ್ನ ಬಳಿ ನಿಂತು, “ಬಾಯಿ ಒಣಗಿದೆಯಲ್ಲೇ, ನೀರು ಕುಡಿ,” ಎಂದಳು.

ಮನೆಗೆ ಹೊರಡುವ ಮೊದಲು ನಾನೂ ಒಂದು ಚೀಟಿ ಬರೆದು ಡಬ್ಬಿಗೆ ಹಾಕಿದೆ. ಹೆಸರು ಬರೆಯಲಿಲ್ಲ. ಮುಖ ಕೊಟ್ಟು ಹೇಳುವ ಧೈರ್ಯ ಇದ್ದಿದ್ದರೆ ಬರೆಯುತ್ತಲೇ ಇರಲಿಲ್ಲ.

ಸೋಮವಾರ ಮೊದಲ ಪಿರಿಯಡ್ಡಿಗೆ ಅವನು ಬಾಗಿಲಿಗೆ ಒರಗಿ ನಿಂತಿದ್ದ.

“ಎರಡು ಚೀಟಿ ಬಂದಿವೆ, ಎಜೆ.”

“ಏನು ಬರೆದಿದ್ದಾರೆ?” ಕೇಳಿ ನಾಲಿಗೆ ಕಚ್ಚಿಕೊಂಡೆ.

“ನಾಚಿಕೆ ಆಗಲ್ವಾ ಕೇಳೋಕೆ?” ಎಡಗಣ್ಣು ಕಿರಿದಾಯಿತು. “ಒಂದನ್ನ ಎಂಟು ಮಡಿಕೆ ಮಾಡಿ ಹಾಕಿದ್ದಾರೆ. ಇನ್ನೊಂದು ಕೆಂಪು ಶಾಯಿದು. ಅದನ್ನ ಮೂರು ಸಲ ಓದಿದೆ.”

“ಅದಕ್ಕೆ ಉತ್ತರ?”

ಇಡೀ ಕ್ಲಾಸು ನಮ್ಮನ್ನೇ ನೋಡುತ್ತಿತ್ತು. ಅವನು ಮಕ್ಕಳನ್ನೂ ನೋಡಿದ, ನನ್ನನ್ನೂ ನೋಡಿದ.

“ಎಲ್ಲರೆದುರು ಹೇಳಲ್ಲ. ಶಾಲೆ ಬಿಟ್ಟ ಮೇಲೆ ಚಹಾಕ್ಕೆ ಬಾ, ಬುರುಲ್.”

ಮೊದಲ ಸಲ ಅವನು ‘ಎಜೆ’ ಎನ್ನಲಿಲ್ಲ. ನಾನು ಹಲಗೆಯ ಕಡೆ ತಿರುಗಿ ತಾರೀಖು ಬರೆದೆ, ಅದೂ ತಪ್ಪಾಗಿ. ಮಕ್ಕಳೆಲ್ಲ ಒಟ್ಟಿಗೆ ಕೂಗಿ ತಿದ್ದಿದರು. ಆ ಕೂಗಿನಲ್ಲಿ ಮೀರಿಮಳ ದನಿಯೂ ಇತ್ತು.